ಹಾರ ಹಾಕಿಸಿಕೊಂಡ ವಿಮರ್ಶೆ

ಮೊದಲ ಪುಟದಲ್ಲೇ ನಕ್ಷೆ ಇರುವ ಕಾದಂಬರಿಯನ್ನು ಕಂಡರೆ ನನಗೆ ಆಗುವುದಿಲ್ಲ. ಕಥೆ ಹೇಳುವವನು ಓದುಗನ ಕೈಹಿಡಿದು ಕರೆದುಕೊಂಡು ಹೋಗಬೇಕು. ಬಾಗಿಲಲ್ಲೇ ನಕ್ಷೆ ಕೊಟ್ಟು "ಹುಡುಕಿಕೊಂಡು ಬಾ" ಅನ್ನುವುದು ಯಾವ ಮರ್ಯಾದೆ? ಇನ್ನು ಭವಿಷ್ಯವಾಣಿ. ಕುರಿ ಕಾಯುವ ಅನಾಥ ಹುಡುಗನೇ ರಾಕ್ಷಸರಾಜನನ್ನು ಕೊಲ್ಲುತ್ತಾನೆ ಎಂದು ಮೂರನೇ ಪುಟದಲ್ಲಿ ಮುದುಕಿಯೊಬ್ಬಳು ಹೇಳಿಬಿಟ್ಟ ಮೇಲೆ ಉಳಿದ ಐನೂರು ಪುಟ ಯಾವ ಕರ್ಮಕ್ಕೆ? ಅದೂ ಅನಾಥನೇ ಯಾಕಾಗಬೇಕು? ಮಂಡಿನೋವಿರುವ, ಇಬ್ಬರು ಮಕ್ಕಳ ತಾಯಿಯನ್ನು ಯಾವ ದೇವರೂ ಯಾಕೆ ಆರಿಸುವುದಿಲ್ಲ ಎನ್ನುವುದು ನನ್ನ ಬಹುಕಾಲದ ತಕರಾರು.

ವೈಜ್ಞಾನಿಕ ಕಾದಂಬರಿಗಳವರೂ ಏನು ಕಡಿಮೆಯಿಲ್ಲ. ನೂರು ವರ್ಷ ಹಾರುವ ಆಕಾಶನೌಕೆಯ ಎಂಜಿನ್ನಿನ ಬಗ್ಗೆ ಇಪ್ಪತ್ತು ಪುಟ ಬರೆಯುತ್ತಾರೆ, ಅದರಲ್ಲೊಂದು ಅಡುಗೆಮನೆ ಇಡುವುದಿಲ್ಲ. ನಾಯಕ ಮಾತ್ರೆ ನುಂಗಿಕೊಂಡು ಬ್ರಹ್ಮಾಂಡವನ್ನು ಉಳಿಸುತ್ತಾನೆ. ಮಾತ್ರೆ ನುಂಗಿ ಬದುಕುವವನು ಉಳಿಸಿಕೊಟ್ಟ ಬ್ರಹ್ಮಾಂಡ ನನಗೆ ಬೇಡ. ಸಾಸಿವೆ ಅರೆದು ಹಚ್ಚಿ ಬೇಯಿಸಿದ ಇಲಿಶ್ ಮೀನು ಸಿಗದ ನಕ್ಷತ್ರಮಂಡಲ ಇದ್ದರೆಷ್ಟು, ಬಿಟ್ಟರೆಷ್ಟು!

ಇಷ್ಟೆಲ್ಲ ಬೈದರೂ ಓದುವುದು ಮಾತ್ರ ಅದನ್ನೇ. ಕೋರ್ಟಿನಲ್ಲಿ ಗುಮಾಸ್ತನಾಗಿ ಹಗಲೆಲ್ಲ ಜಮೀನು ವ್ಯಾಜ್ಯದ ಕಾಗದ ಓದುವವನಿಗೆ ಸಂಜೆ ಒಂದಿಷ್ಟು ಬೆಂಕಿಯುಗುಳುವ ಹಾವಾದರೂ ಬೇಡವೇ?

ಉತ್ತರ ಕಲ್ಕತ್ತೆಯ ನಮ್ಮ ಗಲ್ಲಿಯಲ್ಲಿ ನವೋದಿತ ಸಂಘ ಅಂತ ಇದೆ. ಒಂದು ಕೇರಂ ಬೋರ್ಡು, ನಾಲ್ಕು ಕಪಾಟು ಪುಸ್ತಕ, ಬಾಗಿಲ ಪಕ್ಕ ದೊಡ್ಡ ಹಲಗೆಯ ಮೇಲೆ ಕೈಬರಹದ ಗೋಡೆಪತ್ರಿಕೆ. ಪತ್ರಿಕೆಯ ಹೆಸರು 'ಜೋನಾಕಿ', ಅಂದರೆ ಮಿಂಚುಹುಳ. ಅದರ ಬಲಮೂಲೆ ನನ್ನದು. ಸಂಘದ ಕಪಾಟಿಗೆ ಬಂದ ಮಾಯಾಲೋಕದ, ಆಕಾಶಲೋಕದ ಕಾದಂಬರಿಗಳನ್ನು ಅಲ್ಲಿ ನಾನು ಸಿಗಿದು ತೋರಣ ಕಟ್ಟುತ್ತೇನೆ. ಕೆಳಗೆ 'ಶ್ರೀ ದೀಪ್ತೇಶ್ ಸಮಾದ್ದಾರ್' ಎಂದು ಅಂದವಾಗಿ ಸಹಿ ಇರುತ್ತದೆ.

ಹಾಗಂತ ಗಲ್ಲಿಯಲ್ಲಿ ಒಬ್ಬಳನ್ನು ಬಿಟ್ಟು ಯಾರಿಗೂ ನಾನು ಬರೆಯುವುದು ಗೊತ್ತಿಲ್ಲ. ನಮ್ಮಲ್ಲಿ ಒಬ್ಬೊಬ್ಬರಿಗೂ ಎರಡೆರಡು ಹೆಸರು. ಶಾಲೆಗೆ, ಕಚೇರಿಗೆ, ಮದುವೆ ಪತ್ರಿಕೆಗೆ ಒಂದು ಒಳ್ಳೆಯ ಹೆಸರು. ಮನೆಗೆ, ಬೀದಿಗೆ, ಬೈಗುಳಕ್ಕೆ ಒಂದು ಕರೆಯುವ ಹೆಸರು. ಬೀದಿಗೆ ನಾನು ಹುಲೋ, ಅಂದರೆ ಗಂಡುಬೆಕ್ಕು. ಚಿಕ್ಕಂದಿನಲ್ಲಿ ಕದ್ದು ಹಾಲು ಕುಡಿಯುತ್ತಿದ್ದೆನಂತೆ. ದೀಪ್ತೇಶ್ ಅಂದರೆ ಯಾರೆಂದು ಒಮ್ಮೆ ನನ್ನ ಸ್ವಂತ ಸೋದರತ್ತೆಯೇ ಕೇಳಿ, "ಯಾರೋ ಹೊಟ್ಟೆನೋವಿನ ಮುದುಕ ಇರ್ಬೇಕು ಕಣೋ, ಪಾಪ, ಇಸಬ್‌ಗೋಲ್ ಆದ್ರೂ ತಗೊಳ್ಳಬಾರದಾ" ಎಂದಿದ್ದರು.

ಸರಸ್ವತಿ ಪೂಜೆಯ ದಿನ ಬೆಳಿಗ್ಗೆ ಚಪ್ಪರದ ಮುಂದೆ ಬಾಳೆಗಿಡ ಕಟ್ಟುತ್ತಿದ್ದೆ. ಅರಿಶಿನ ಬಣ್ಣದ ಸೀರೆ ಉಟ್ಟ ಝಿಮ್ಲಿ ಬಂದು ನನ್ನ ಜುಬ್ಬಾದ ತೋಳು ಹಿಡಿದು ಚಪ್ಪರದ ಹಿಂದಕ್ಕೆ ಎಳೆದುಕೊಂಡು ಹೋದಳು. ಝಿಮ್ಲಿಯನ್ನು ನಾನು ಮದುವೆಯಾಗಬೇಕೆಂದಿದ್ದೆ, ಅವಳೂ ಹಾಗೇ ಅಂದುಕೊಂಡಿದ್ದಳು. ಆ ಭಾನುವಾರ ನನ್ನಮ್ಮ ಅವಳ ತಂದೆ, ಗಲ್ಲಿಗೆಲ್ಲ ಚಿಕ್ಕಪ್ಪನಾದ ಬೋಚಾ ಕಾಕುವನ್ನು ಕಂಡು ಮಾತಾಡುವುದೆಂದು ಗೊತ್ತಾಗಿತ್ತು. ಕಾಕು ಈಗಾಗಲೇ ಒಬ್ಬ ಎಂಜಿನಿಯರನ್ನು "ಕಥೆ ಪುಸ್ತಕ ಓದೋಕೆ ಪುರುಸೊತ್ತಿಲ್ಲ" ಎಂದನೆಂಬ ಕಾರಣಕ್ಕೆ ವಾಪಸ್ಸು ಕಳಿಸಿದ್ದರು. ಆ ಲೆಕ್ಕದಲ್ಲಿ ನನಗೆ ಧೈರ್ಯವಿತ್ತು.

"ಹುಲೋದಾ," ಎಂದಳು ಝಿಮ್ಲಿ (ವಯಸ್ಸಿಗೆ ದೊಡ್ಡವನೆಂದು ಈ 'ದಾ'), "'ಧೂಮ್ರಲೋಕದ ಅಗ್ನಿನಾಗ' ಬರೆದೋರು ಯಾರು ಗೊತ್ತಾ?"

"ಯಾರೋ ತ್ರಿದಿವೇಂದ್ರನಾರಾಯಣ. ಅಡ್ಡಹೆಸರೂ ಹಾಕ್ಕೊಂಡಿಲ್ಲ. ಹಳೇ ಜಮೀನ್ದಾರರ ಪೈಕಿ ಇರ್ಬೇಕು. ಜಮೀನು ಹೋಯ್ತು, ಹೆಸರು ಉಳೀತು."

"ನಮ್ಮ ಬಾಬಾ ಅದು."

"ನಿಮ್ಮ ಬಾಬಾ ಬೋಚಾ ಕಾಕು ಅಲ್ವಾ?"

"ಹುಟ್ಟಿದಾಗ ಮೂಗು ಚಪ್ಪಟೆ ಇತ್ತು ಅಂತ ಬೋಚಾ ಅಂದ್ರು. ಶಾಲೆಗೆ ಸೇರಿಸೋವಾಗ್ಲೂ ಬೋಚಾ ಅಂತ ಬರೆಸ್ತಾರಾ?"

ಆ ಕಾದಂಬರಿಯನ್ನು ನಾನು ಅಷ್ಟಿಷ್ಟು ಬೈದಿರಲಿಲ್ಲ. ಎರಡು ಹಾಳೆ ಬೈದಿದ್ದೆ. ಹಿಂದಿನ ಸಂಜೆಯಷ್ಟೇ ಅದನ್ನು ಹಲಗೆಗೆ ಅಂಟಿಸಿ, ಪೂಜೆಗೆ ಬರುವವರೆಲ್ಲ ನೋಡಲಿ ಎಂದು ಹಲಗೆಯನ್ನು ಚಪ್ಪರದ ಬಾಯಿಗೇ ತಂದು ನಿಲ್ಲಿಸಿದ್ದೆವು.

"ನಿಮ್ಮ ಬಾಬಾ ಪುಸ್ತಕ ಬರೆದಿದಾರೆ ಅಂತ ನೀನು ಒಂದು ಮಾತು ಹೇಳಬಾರದಿತ್ತಾ?"

"ನಿನ್ನ ಕೈಗೆ ಸಿಗಬಾರದು ಅಂತಾನೇ ಹೇಳಿರ್ಲಿಲ್ಲ. ನಿನ್ನ ನಾಲಿಗೆ ನನಗೆ ಗೊತ್ತಿಲ್ವಾ? ಬಾಬಾ ಯಾರಿಗೂ ಕಾಣದ ಹಾಗೆ ತಾವೇ ಹೋಗಿ ಸಂಘದ ಕಪಾಟಲ್ಲಿ ಇಟ್ಟು ಬಂದ್ರೆ ನಾನೇನ್ ಮಾಡ್ಲಿ?"

"ನೀನು ಓದಿದೀಯಾ?"

"ನಕ್ಷೆ ತನಕ ಓದಿದೀನಿ."

ಒಂದೇ ಒಂದು ಸಮಾಧಾನವಿತ್ತು. ಸರಸ್ವತಿ ಪೂಜೆಯ ದಿನ ನಮ್ಮಲ್ಲಿ ಯಾರೂ ಓದುವಂತಿಲ್ಲ, ಬರೆಯುವಂತಿಲ್ಲ. ಪುಸ್ತಕ, ಪೆನ್ನು, ದೌತಿ ಎಲ್ಲ ದೇವಿಯ ಪಾದದ ಬಳಿ. ಮಕ್ಕಳಿಗೆ ಅದು ವರ್ಷಕ್ಕೊಮ್ಮೆ ಸಿಗುವ ಸ್ವಾತಂತ್ರ್ಯ. ಉಳಿದವರು ಕದ್ದುಮುಚ್ಚಿ ಪೇಪರು ನೋಡುತ್ತಾರೆ. ಬೋಚಾ ಕಾಕು ಹಾಗಲ್ಲ. ಆ ದಿನ ಅವರ ಮನೆಯ ಕ್ಯಾಲೆಂಡರು ಗೋಡೆಗೆ ಮುಖ ಮಾಡಿರುತ್ತದೆ. ಬಸ್ಸಿನ ನಂಬರನ್ನೂ ಅವರು ಓದುವುದಿಲ್ಲ. ಒಂದು ವರ್ಷ ಡಮ್‌ಡಮ್‌ನಲ್ಲಿರುವ ತಂಗಿಯ ಮನೆಗೆ ಹೊರಟವರು ಕಣ್ಣಿಗೆ ಕಂಡ ಬಸ್ಸು ಹತ್ತಿ ಊರಿನ ಇನ್ನೊಂದು ತುದಿಯ ಬೆಹಾಲಾದಲ್ಲಿ ಇಳಿದು, ಅಲ್ಲಿ ಯಾರದೋ ಪೂಜೆಯ ಖಿಚುಡಿ ಉಂಡು, ಕೈ ತೊಳೆದುಕೊಂಡು ವಾಪಸ್ಸು ಬಂದಿದ್ದರು.

"ಇವತ್ತು ಓದಲ್ಲ ಅವ್ರು," ಎಂದೆ. "ನಾಳೆ ಬೆಳಿಗ್ಗೆ ಅವ್ರು ಏಳೋ ಮುಂಚೆ ಕಿತ್ತುಹಾಕ್ತೀನಿ."

"ಈಗ್ಲೇ ಕೀಳು."

ಕೀಳಲು ಹೋದೆ. ಕೈ ಮುಂದೆ ಬರಲಿಲ್ಲ. ಕಾಲಿಗೆ ಕಾಗದ ತಾಗಿದರೆ ಹಣೆಗೆ ಒತ್ತಿಕೊಳ್ಳುವ ಜನ ನಾವು. ಇಂಥ ದಿನ, ದೇವಿ ವೀಣೆ ಹಿಡಿದು ನೇರ ನನ್ನನ್ನೇ ನೋಡುತ್ತಿರುವಾಗ, ಅಕ್ಷರ ಬರೆದ ಹಾಳೆಯನ್ನು ಪರ್ರನೆ ಹರಿಯುವುದೇ? ಹರಿದರೆ ಸರಸ್ವತಿಗೆ ಕೋಪ, ಬಿಟ್ಟರೆ ಮಾವನಿಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ತಲೆ ಓಡಿಸಿ, ಚಪ್ಪರಕ್ಕೆ ತಂದಿದ್ದ ಚೆಂಡುಹೂವಿನ ಹಾರಗಳಲ್ಲಿ ದಪ್ಪನೆಯದೊಂದನ್ನು ಎತ್ತಿ ಹಲಗೆಯ ಬಲಮೂಲೆಗೆ ಎರಡು ಸುತ್ತು ಇಳಿಬಿಟ್ಟೆ. ನನ್ನ ವಿಮರ್ಶೆ ಹೂವಿನಡಿ ಪೂರ್ತಿ ಮುಚ್ಚಿಹೋಯಿತು.

"ಸತ್ತೋರ ಫೋಟೋಗೆ ಹಾಕಿದ ಹಾಗಿದೆ," ಎಂದಳು ಝಿಮ್ಲಿ.

ಪುಷ್ಪಾಂಜಲಿ ಮುಗಿಯಿತು. ಮಡಿಪಂಚೆಯುಟ್ಟು, ಹಣೆಗೆ ಗಂಧ ಇಟ್ಟುಕೊಂಡು, ಬೋಚಾ ಕಾಕು ನೆಲ ನೋಡುತ್ತ ಚಪ್ಪರದಿಂದ ಹೊರಬಂದರು. ಎದುರಿನ ಅಂಗಡಿಯ ಬೋರ್ಡು ಕಣ್ಣಿಗೆ ಬೀಳಬಾರದಲ್ಲ, ಅದಕ್ಕೆ. ನೆಲ ನೋಡುತ್ತಿದ್ದವರಿಗೆ ಉದುರಿದ ಚೆಂಡುಹೂವಿನ ಎಸಳು ಕಂಡವು. ಎಸಳಿನಿಂದ ಮೇಲಕ್ಕೆ ಹಾರ ಕಂಡಿತು. ಹಾರದ ಹಿಂದೆ ಹಲಗೆ ಕಂಡಿತು. ಕೂಡಲೇ ಕಣ್ಣು ಮುಚ್ಚಿಕೊಂಡರು.

"ಹುಲೋ, ಇದು ಜೋನಾಕಿ ಅಲ್ವೇನೋ? ಈ ಸಲ ಬಲಮೂಲೇಲಿ 'ಅಗ್ನಿನಾಗ' ಅಂತ ಒಂದು ಪುಸ್ತಕದ ಬಗ್ಗೆ ಬಂದಿದೆಯಂತಲ್ಲ?"

"ಬಂದ ಹಾಗಿದೆ, ಕಾಕು."

"ಅದಕ್ಕೇ ಹಾರ ಹಾಕಿದಾರಾ?"

ನಾನು ಝಿಮ್ಲಿಯ ಮುಖ ನೋಡಿದೆ. ಅವಳು ಆಕಾಶ ನೋಡಿದಳು.

"ಹೌದು, ಕಾಕು."

ಕಾಕುವಿನ ಮುಖ ಎಣ್ಣೆಯಲ್ಲಿ ಊದಿಕೊಂಡ ಪೂರಿಯ ಹಾಗೆ, ನಮ್ಮ ಲೂಚಿಯ ಹಾಗೆ, ಅರಳಿತು. ಕಣ್ಣು ಮುಚ್ಚಿಕೊಂಡೇ ಪಕ್ಕದ ಬೆಂಚನ್ನು ತಡವಿ ಕುಳಿತರು.

"ಓದಿ ಹೇಳು ನೋಡೋಣ."

"ಇವತ್ತು ಓದೋ ಹಾಗಿಲ್ಲವಲ್ಲ, ಕಾಕು! ಪಾಪ ಬರುತ್ತೆ!"

"ಕೇಳೋಕೆ ಅಡ್ಡಿಯಿಲ್ಲ. ಓದೋದಕ್ಕೆ ಪಾಪ, ಕೇಳೋದಕ್ಕಲ್ಲ. ನಿನಗೇನಯ್ಯಾ, ಪೂಜೆಗೆ ಮುಂಚೆಯೇ ಬೋರೆಹಣ್ಣು ತಿಂದೋನು ನೀನು. ಹೋದ ವಾರ ಮಾಳಿಗೆ ಮೇಲೆ ಉಪ್ಪು ಹಚ್ಕೊಂಡು ತಿಂತಿದ್ದೆ, ನೋಡಿದೀನಿ. ದೇವಿಗೆ ಕೊಡೋ ಮುಂಚೆ ಬೋರೆಹಣ್ಣು ತಿಂದೋನ ಲೆಕ್ಕದಲ್ಲಿ ಇನ್ನೊಂದು ಪಾಪ ಏನು ಭಾರ? ಓದು."

ಹಾರ ಸರಿಸಿದೆ. ನನ್ನದೇ ಅಕ್ಷರ, ನನ್ನದೇ ವಿಷ. ಮೊದಲ ಸಾಲೇ 'ಈ ಪುಸ್ತಕದ ಏಕೈಕ ಗುಣವೆಂದರೆ ತೂಕ' ಎಂದಿತ್ತು. ಗಂಟಲು ಸರಿಮಾಡಿಕೊಂಡೆ.

"'ಧೂಮ್ರಲೋಕದ ಅಗ್ನಿನಾಗ ನಮ್ಮ ಸಾಹಿತ್ಯಕ್ಕೆ ಒಂದು ಅಮೂಲ್ಯ ಕೊಡುಗೆ. ಲೇಖಕರ ಕಲ್ಪನೆ ಅದ್ಭುತ.'"

"ಹೂಂ," ಎಂದರು ಕಾಕು.

"'ಭಾಷೆ ಸರಳ, ಸುಂದರ. ಪಾತ್ರಗಳು ಕಣ್ಣಿಗೆ ಕಟ್ಟುವಂತಿವೆ. ಹಿಡಿದರೆ ಕೆಳಗಿಡಲು ಮನಸ್ಸಾಗುವುದಿಲ್ಲ.'"

ಈ ಸಲ ಹೂಂಗುಟ್ಟಲಿಲ್ಲ. ಸಾಲದೇನೋ ಎಂದು ಇನ್ನಷ್ಟು ತುಪ್ಪ ಸುರಿದೆ.

"'ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಓದಬೇಕಾದ, ಪ್ರತಿ ಮನೆಯಲ್ಲೂ ಇರಬೇಕಾದ ಗ್ರಂಥ. ಲೇಖಕರಿಂದ ಇಂಥ ಇನ್ನೂ ಅನೇಕ ಕೃತಿಗಳು...'"

"ಸಾಕು ಬಿಡಪ್ಪಾ."

ಲೂಚಿ ಇಳಿದುಹೋಗಿತ್ತು. ಕಾಕು ಕಣ್ಣು ತೆರೆದು ತಮ್ಮ ಮಡಿಪಂಚೆಯ ಅಂಚನ್ನು ನೋಡುತ್ತ ಕೂತಿದ್ದರು.

"ಇದನ್ನ ಬರೆದೋನು ಪುಸ್ತಕ ಓದಿಲ್ಲ," ಎಂದರು.

"ಯಾಕೆ ಕಾಕು, ಇಷ್ಟು ಹೊಗಳಿದಾನಲ್ಲ!"

"ಅದಕ್ಕೇ ಹೇಳ್ದೆ. ಓದದೇ ಇದ್ದೋರೆಲ್ಲ ಇದನ್ನೇ ಹೇಳೋದು. ನನ್ನ ಭಾವಮೈದುನನೂ ಅದ್ಭುತ ಕಲ್ಪನೆ ಅಂದ. ಅವನ ಮನೇಲಿ ಹೋಗಿ ನೋಡಿದ್ರೆ ಟೇಬಲ್ ಫ್ಯಾನ್ ಎತ್ತರ ಸಾಲ್ದು ಅಂತ ಅದರ ಕೆಳಗೆ ನನ್ನ ಪುಸ್ತಕ ಇಟ್ಕೊಂಡಿದಾನೆ. ಆಫೀಸಿನ ಸ್ನೇಹಿತರೆಲ್ಲ ಭಾಷೆ ಸರಳ ಅಂದ್ರು. ಸರಳವಾಗಿಲ್ಲ ಕಣೋ ಅದು! ಕಷ್ಟಪಟ್ಟು ಕಠಿಣವಾಗಿ ಬರೆದಿದೀನಿ!" ಧ್ವನಿ ಏರಿದ್ದು ಹಾಗೇ ಇಳಿಯಿತು. "ಪುಸ್ತಕ ನನ್ನದೇ. ನಿನಗೆ ಗೊತ್ತಿರ್ಲಿಲ್ಲ ಅಲ್ವಾ? ಇರ್ಲಿ. ಜಾಸ್ತಿ ಜನ ಬೇಡ, ಒಬ್ಬ ಓದಿದ್ರೆ ಸಾಕಿತ್ತು."

ಎದ್ದರು. ಮನೆಯ ಕಡೆ ಹೊರಟರು. ಸಂಘದ ಖಿಚುಡಿ ಉಣ್ಣದೆ ಬೋಚಾ ಕಾಕು ಮನೆಗೆ ಹೋದ ಪೂಜೆಯನ್ನು ನಮ್ಮ ಗಲ್ಲಿ ಅಂದಿನವರೆಗೆ ಕಂಡಿರಲಿಲ್ಲ.

ಝಿಮ್ಲಿ ನನ್ನ ಬೆನ್ನಿಗೆ ಚುಚ್ಚಿದಳು. "ಓದು."

"ಏನನ್ನ?"

"ಬರೆದಿರೋದನ್ನ."

"ತಲೆ ಕೆಟ್ಟಿದೆಯಾ? ಭಾನುವಾರ ಅಮ್ಮ ಬರೋದು ಬೇಡ್ವಾ? ಮದುವೆ ಬೇಡ್ವಾ ನಿನಗೆ?"

"ಬಾಬಾನ್ನ ಹೀಗೆ ಮನೆಗೆ ಕಳಿಸಿ ಆಗೋ ಮದುವೆ ನನಗೆ ಬೇಡ," ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ನನಗೆ ಅವಳ ಮೇಲೆ ಪ್ರೀತಿಯೂ ಬಂತು, ಅಳುವೂ ಬಂತು.

"ಕಾಕು!" ಎಂದು ಕೂಗಿದೆ. "ನಾನು ಓದ್ಲೇ ಇಲ್ಲ! ಇಷ್ಟು ಹೊತ್ತು ಹೇಳಿದ್ರಲ್ಲಿ ಒಂದಕ್ಷರವೂ ಇಲ್ಲಿ ಬರೆದಿಲ್ಲ. ಸರಸ್ವತಿ ಆಣೆ!"

ಕಾಕು ನಿಂತರು. "ಮತ್ತೆ ಅಲ್ಲೇನಿದೆ?"

"ಬೈಗುಳ."

"ಎಷ್ಟಿದೆ?"

"ಎರಡು ಹಾಳೆ."

"ಎರಡು?" ಕಾಕು ಬಿರಬಿರನೆ ವಾಪಸ್ಸು ಬಂದು ಬೆಂಚಿನ ಮೇಲೆ ಕೂತು, ಕಣ್ಣು ಮುಚ್ಚಿ, ಕೈಕಟ್ಟಿಕೊಂಡರು. "ಒಂದು ಅಕ್ಷರ ಬಿಡದೆ ಓದು."

ಓದಿದೆ. ಪೂಜೆಯ ದಿನ, ದೇವಿಯ ಎದುರು, ಹೆಣ್ಣು ಕೊಡಬೇಕಾದ ಮಾವನಿಗೆ, ನನ್ನ ವಿಷವನ್ನೆಲ್ಲ ನಾನೇ ಸ್ಪಷ್ಟ ಉಚ್ಚಾರಣೆಯಲ್ಲಿ ಬಡಿಸಿದೆ.

"'ನಕ್ಷೆಯಲ್ಲಿ ಶಂಖಿನೀ ನದಿ ಬೆಟ್ಟ ಹತ್ತುತ್ತದೆ. ನೀರಿಗೆ ಅಂಥ ಅವಸರ ಏನಿತ್ತೋ ತಿಳಿಯದು.'"

"ಅದು ಮುದ್ರಕನ ತಪ್ಪು! ಬ್ಲಾಕು ತಲೆಕೆಳಗಾಗಿ ಹಾಕಿದಾನೆ. ಹೂಂ, ಮುಂದೆ."

"'ನಾಯಕನ ಹೆಸರು ಝ್ರಾಕ್ಷತ್ರಣ. ತಾಯಿ ಊಟಕ್ಕೆ ಕರೆದು ಮುಗಿಸುವಷ್ಟರಲ್ಲಿ ಅನ್ನ ಆರಿರುತ್ತದೆ. ಇಂಥ ಹೆಸರಿಟ್ಟ ಮೇಲೆ ಕರೆಯಲು ಇನ್ನೊಂದು ಹೆಸರಾದರೂ ಇಡದ ತಾಯಿ ಎಂಥ ತಾಯಿ?'"

ಕಾಕು ತೊಡೆ ತಟ್ಟಿಕೊಂಡರು. "ಇದು ಮಾತು! ನನಗೆ ಹೊಳೀಲೇ ಇಲ್ಲ ನೋಡು. ಮುಂದೆ?"

"'ಮುನ್ನೂರ ಹತ್ತನೇ ಪುಟದಿಂದ ಅಗ್ನಿನಾಗ ಭಾಷಣ ಶುರುಮಾಡುತ್ತದೆ. ಶತ್ರುಸೇನೆ ಬಾಣ ಬಿಡದೆ ಹನ್ನೊಂದು ಪುಟ ನಿಂತು ಕೇಳುತ್ತದೆ. ಇಷ್ಟು ಸಭ್ಯ ಸೇನೆಯನ್ನು ಯಾಕೆ ಸೋಲಿಸಬೇಕು?'"

"ಮುನ್ನೂರ ಹತ್ತು!" ಕಾಕು ಮಗಳ ಕಡೆ ತಿರುಗಿದರು. "ಕೇಳಿದ್ಯಾ? ಮುನ್ನೂರ ಹತ್ತನೇ ಪುಟದಲ್ಲಿ ಏನಿದೆ ಅಂತ ಗೊತ್ತು ಇವನಿಗೆ!"

"'ಐನೂರ ನಲವತ್ತರಲ್ಲಿ ನಾಗಕ್ಕೆ ನೆಗಡಿಯಾಗಿ ಮಹಾಯುದ್ಧ ನಿಲ್ಲುತ್ತದೆ. ಓದುಗನಿಗೂ ಸ್ವಲ್ಪ ವಿಶ್ರಾಂತಿ.'"

"ಐನೂರ ನಲವತ್ತು! ಆದ್ರೆ ಇದು ಅನ್ಯಾಯ. ನೆಗಡಿ ಯಾಕಾಯ್ತು? ಮೂವತ್ತನೇ ಅಧ್ಯಾಯದಲ್ಲಿ ಅದು ಹಿಮಸರೋವರದಲ್ಲಿ ಈಜಿತ್ತು!"

"ಈಜಿದ್ದು ನಾಗದ ತಮ್ಮ, ಕಾಕು," ಎಂದುಬಿಟ್ಟೆ, ತಡೆಯಲಾರದೆ.

"ತಮ್ಮನಾ?" ಕಾಕು ಯೋಚಿಸಿದರು. "ಹೌದಲ್ಲ. ತಮ್ಮನೇ. ಛೆ!"

ಅಷ್ಟರಲ್ಲಿ ಸುತ್ತ ಜನ ಸೇರಿದ್ದರು. ಖಿಚುಡಿಯ ಎಲೆ ಹಿಡಿದು ನಿಂತವರು ಉಣ್ಣುವುದನ್ನು ಬಿಟ್ಟು ಕೇಳುತ್ತಿದ್ದರು. ನಾನು ಕೊನೆಯ ಭಾಗಕ್ಕೆ ಬಂದೆ.

"'ನಾಗ ಸಾಲದೆಂದು ನಡುವೆ ಒಂದು ಆಕಾಶನೌಕೆ, ಅದರಲ್ಲಿ ತೊಂಬತ್ತು ವರ್ಷದ ಪ್ರಯಾಣ. ಒಲೆಯಿಲ್ಲ, ಪಾತ್ರೆಯಿಲ್ಲ. ಯಾರೊಬ್ಬರೂ ಒಂದು ಸಲವಾದರೂ ಏನನ್ನೂ ಬೇಯಿಸುವುದಿಲ್ಲ, ಕಾಯಿಸುವುದಿಲ್ಲ.'"

"ಸುಳ್ಳು!" ಕಾಕು ದಡಕ್ಕನೆ ಎದ್ದು ನಿಂತರು. "ಏನನ್ನೂ ಕಾಯಿಸಲ್ವಾ? ಇಪ್ಪತ್ತೆರಡನೇ ಅಧ್ಯಾಯ ಎಲ್ಲಿ ಹೋಯ್ತು? ಅದನ್ನ ಹಾರಿಸಿದಾನೆ! ಎಲ್ಲಾ ಓದಿ ಅದೊಂದನ್ನೇ ಹಾರಿಸಿದಾನೆ! ಯಾರೋ ಇವನು ದೀಪ್ತೇಶ್? ಕರ್ಕೊಂಡು ಬಾ ಅವನನ್ನ!"

"ನಾನೇ, ಕಾಕು."

"ನೀನು ಹುಲೋ."

"ಶಾಲೇಲಿ ದೀಪ್ತೇಶ್."

ಕಾಕು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. ಕೆನ್ನೆಗೆ ಬೀಳುತ್ತದೆಂದು ನಾನು ಅರ್ಧ ಹೆಜ್ಜೆ ಹಿಂದೆ ಸರಿದೆ.

"ಇಪ್ಪತ್ತೆರಡನೇ ಅಧ್ಯಾಯ ಓದಿದೀಯಾ, ಇಲ್ವಾ?"

"ಓದಿದೀನಿ. ಎರಡು ಸಲ ಓದಿದೀನಿ."

"ಮತ್ತೆ ಯಾಕೆ ಬರೀಲಿಲ್ಲ?"

"ಅದು ಚೆನ್ನಾಗಿತ್ತು, ಕಾಕು," ಎಂದೆ. "ಬೈಯೋಕೆ ಆಗ್ಲಿಲ್ಲ. ಚೆನ್ನಾಗಿರೋದ್ರ ಬಗ್ಗೆ ಬರೆಯೋಕೆ ನನಗೆ ಬರಲ್ಲ. ಅದಕ್ಕೇ ಅದು ಇಲ್ಲವೇ ಇಲ್ಲ ಅನ್ನೋ ಹಾಗೆ ಬರೆದುಬಿಟ್ಟೆ."

ಕಾಕು ಮೆಲ್ಲಗೆ ಕೂತರು. ಝಿಮ್ಲಿ ಒಮ್ಮೆ ತಂದೆಯ ಮುಖ, ಒಮ್ಮೆ ನನ್ನ ಮುಖ ನೋಡಿದಳು.

"ಏನಿದೆ ಅದರಲ್ಲಿ?" ಎಂದಳು. ಪುಸ್ತಕ ದೇವಿಯ ಪಾದದ ಬಳಿ ಇತ್ತು, ಮರುದಿನದವರೆಗೆ ಮುಟ್ಟುವಂತಿರಲಿಲ್ಲ. ಕಾಕು ನನ್ನ ಕಡೆ ಕೈ ತೋರಿಸಿದರು.

ನಾನು ಹೇಳಿದೆ. ಆ ಅಧ್ಯಾಯದಲ್ಲಿ ಯುದ್ಧವಿಲ್ಲ, ನಾಗವಿಲ್ಲ. ನೌಕೆಯ ಮುದಿ ಕಪ್ತಾನ ಯಾರಿಗೂ ತಿಳಿಯದ ಹಾಗೆ ಭೂಮಿಯಿಂದ ಒಂದು ಡಬ್ಬಿ ಚಹಾಪುಡಿ ತಂದಿರುತ್ತಾನೆ. ಸಂಜೆಯೇ ಇಲ್ಲದ ಆಕಾಶದಲ್ಲಿ ತಾನೇ ಒಂದು ಸಂಜೆ ಗೊತ್ತುಮಾಡಿಕೊಂಡು, ಎಂಜಿನ್ನಿನ ಬಿಸಿ ಗೋಡೆಗೆ ಪಾತ್ರೆ ಒತ್ತಿಹಿಡಿದು ನೀರು ಕಾಯಿಸುತ್ತಾನೆ. ಎರಡು ಕಪ್ ಮಾಡುತ್ತಾನೆ. ಒಂದನ್ನು ಕುಡಿಯುತ್ತಾನೆ, ಇನ್ನೊಂದನ್ನು ಎದುರಿನ ಖಾಲಿ ಕುರ್ಚಿಯ ಮುಂದೆ ಇಡುತ್ತಾನೆ. ಅದು ತಣ್ಣಗಾದ ಮೇಲೆ ಅದನ್ನೂ ತಾನೇ ಕುಡಿಯುತ್ತಾನೆ. ಚೆಲ್ಲಿದರೆ ಅವಳು ಬೈಯುತ್ತಾಳೆ ಎಂದು.

ಝಿಮ್ಲಿಯ ತಾಯಿ ತೀರಿಕೊಂಡು ಆಗಲೇ ಎಷ್ಟೋ ವರ್ಷವಾಗಿತ್ತು.

"ಬಾಬಾ," ಎಂದಳು ಝಿಮ್ಲಿ, "ಸಕ್ಕರೆ ಕಾಯಿಲೆ ಇಟ್ಕೊಂಡು ಎರಡೆರಡು ಕಪ್ ಕುಡೀತೀರ ಅಂತ ನಾನು ದಿನಾ ಬೈತೀನಲ್ಲ."

"ನೀನೂ ಬೈತೀಯ, ಅವಳೂ ಬೈತಾಳೆ. ನನಗೇನು, ಅಭ್ಯಾಸ ಆಗಿದೆ," ಎಂದರು ಕಾಕು. ಝಿಮ್ಲಿ ಅವರ ಪಕ್ಕ ಕೂತು ಅರಿಶಿನ ಸೀರೆಯ ಸೆರಗಿನಿಂದ ಮೊದಲು ಅವರ ಕಣ್ಣು ಒರೆಸಿದಳು, ಆಮೇಲೆ ತನ್ನದು. ನನಗೆ ಏನು ಮಾಡಬೇಕೆಂದು ತೋಚದೆ, ಓಡಿಹೋಗಿ ಮೂರು ಎಲೆ ಖಿಚುಡಿ ತಂದೆ.

ಕಾಕು ಎರಡು ತುತ್ತು ಉಂಡರು. ಬದನೆಕಾಯಿ ಬಜ್ಜಿ ಬೇಗುನಿ ಕಚ್ಚಿದರು. ಆಮೇಲೆ ಬೆರಳು ನೆಕ್ಕುತ್ತ ನನ್ನ ಕಡೆ ನೋಡಿದರು.

"ಭಾನುವಾರ ನಿಮ್ಮಮ್ಮ ಮನೆಗೆ ಬರ್ತಾರೆ ಅಂತ ಝಿಮ್ಲಿ ಹೇಳಿದ್ಲು. ಯಾಕೆ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡಿದೀರ ಇಬ್ರೂ. ಬರ್ಲಿ. ಆದ್ರೆ ಅವರಿಗೆ ಒಂದು ಮಾತು ಹೇಳಿಟ್ಟಿರು."

"ಏನು, ಕಾಕು?"

"ಮಗಳ ಬಗ್ಗೆ ಏನು ಬೇಕಾದ್ರೂ ಕೇಳ್ಲಿ. ಕಾದಂಬರಿ ಅದ್ಭುತವಾಗಿದೆ ಅಂದ್ರೆ ಮಾತ್ರ ಸಂಬಂಧ ಮುರೀತು ಅಂತ ತಿಳ್ಕೊ."